ಕೆಸರಿನ ಬಟ್ಟೆಗೆ ಮೊದಲು ಬ್ರಷ್, ಆಮೇಲೆ ನೀರು

ಮಳೆ ಶುರುವಾದರೆ ಮಕ್ಕಳು ಕೆಸರಲ್ಲೇ. ಹಸಿ ಕೆಸರನ್ನ ಉಜ್ಜಬೇಡಿ, ಉಜ್ಜಿದಷ್ಟೂ ಮಣ್ಣು ನೂಲಿನೊಳಗೆ ಇಳಿಯುತ್ತೆ. ಬಟ್ಟೆಯನ್ನ ಯುಟಿಲಿಟಿಯಲ್ಲಿ ಹರವಿ ಪೂರ್ತಿ ಒಣಗಿಸಿ, ಹೊರಗೆ ಕೊಡವಿ, ಹಳೇ ಟೂತ್‌ಬ್ರಷ್‌ನಲ್ಲಿ ಹೊಲಿಗೆ ಸಂದು, ಜೇಬಿನ ಮೂಲೆ ತಿಕ್ಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ.

ಆಮೇಲೆ ಬಕೆಟ್ ತಣ್ಣೀರಲ್ಲಿ ಸೋಪಿಲ್ಲದೆ ಜಾಲಿಸಿ. ಆ ನೀರನ್ನ ಯುಟಿಲಿಟಿಯ ಜಾಲರಿಗೆ ಸುರಿದರೆ ಮಣ್ಣು ಪೈಪಲ್ಲಿ ಕೂತು ಕಟ್ಟಿಕೊಳ್ಳುತ್ತೆ. ಸೋಪಿಲ್ಲದ ನೀರು ತಾನೇ, ಗಿಡಕ್ಕೆ ಹಾಕಿ. ಹೊಸ ನೀರಿಗೆ ಒಂದು ದೊಡ್ಡ ಚಮಚ ಲಿಕ್ವಿಡ್ ಡಿಟರ್ಜೆಂಟ್ ಹಾಕಿ ಅರ್ಧ ಗಂಟೆ ನೆನೆಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ಎರಡು ಚಮಚ ಬೇಕು. ಇನ್ನು ಮೆಷಿನ್‌ಗೆ ಹಾಕಬಹುದು.

ಬಿಳಿ ಯೂನಿಫಾರ್ಮ್ ತೊಳೆದ ಮೇಲೂ ಕೆಂಪು ಛಾಯೆ ಉಳಿದರೆ ಅದು ನಮ್ಮ ಕೆಮ್ಮಣ್ಣಿನ ಕಬ್ಬಿಣದಂಶ. ಇದಕ್ಕೆ ಕ್ಲೋರಿನ್ ಬ್ಲೀಚ್ ಹಾಕಲೇಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತೆ. ನಿಂಬೆರಸಕ್ಕೆ ಪುಡಿ ಉಪ್ಪು ಕಲಸಿ ಕಲೆ ಮೇಲೆ ಹಚ್ಚಿ, ಒಂದು ಗಂಟೆ ಬಿಸಿಲಲ್ಲಿಟ್ಟು ತೊಳೆಯಿರಿ. ನಿಂಬೆ ಹಚ್ಚಿದ ಬಟ್ಟೆಗೆ ಬ್ಲೀಚ್ ಸೋಕಿದರೆ ವಿಷದ ಗಾಳಿ ಏಳುತ್ತೆ, ಹುಷಾರು. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಒಂದು ತೊಟ್ಟು ಹಾಕಿ ನೋಡಿ, ನಿಂಬೆ ಬಣ್ಣ ತೆಗೆಯಬಹುದು. ಕಲೆ ಹೋಗೋವರೆಗೂ ಇಸ್ತ್ರಿಯವರಿಗೆ ಕೊಡಬೇಡಿ, ಕಾವಿಗೆ ಕಲೆ ಕಚ್ಚಿಕೊಳ್ಳುತ್ತೆ.

ಬಾಗಿಲ ಹೊರಗೇ ಒಂದು ಗೋಣಿಚೀಲ, ಒಂದು ಟಬ್ ಇರಲಿ. ಕಾಲು ತೊಳೆದೇ ಒಳಗೆ. ಕೆಸರಾಟಕ್ಕೆ ಅಂತಲೇ ಎರಡು ಜೊತೆ ಕಡುಬಣ್ಣದ ಹಳೇ ಬಟ್ಟೆ ಎತ್ತಿಟ್ಟರೆ ಇಷ್ಟೆಲ್ಲ ರಗಳೆಯೇ ಇಲ್ಲ.

ಫ್ರಂಟ್ ಲೋಡ್ ಮೆಷಿನ್ ಇರುವವರು ಮಳೆಗಾಲದಲ್ಲಿ ಕೆಳಗಿನ ಡ್ರೈನ್ ಫಿಲ್ಟರನ್ನ ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಬಿಚ್ಚುವ ಮುಂಚೆ ಸ್ವಿಚ್ ಆಫ್ ಮಾಡಿ, ಕೆಳಗೆ ಅಗಲದ ತಟ್ಟೆ ಇಡಿ.