ಮನೆಯಲ್ಲೇ ಹೊಲಿದ ಹ್ಯಾಮಕ್ಕನ್ನು ಹದಕ್ಕೆ ತಂದ ಬಗೆ

ಪುಣೆಯ ಸುತ್ತಲಿನ ಸಹ್ಯಾದ್ರಿಯಲ್ಲಿ ಡೇರೆ ಹಾಕುವಷ್ಟು ಸಮತಟ್ಟಾದ ನೆಲ ಸಿಗುವುದು ಅಪರೂಪ. ಸಿಕ್ಕರೂ ಕಲ್ಲು, ಮಳೆಗಾಲ ಮುಗಿದ ಹೊಸತರಲ್ಲಾದರೆ ಕೆಸರು. ಎರಡು ಗಟ್ಟಿ ಮರಗಳಿದ್ದರೆ ಹ್ಯಾಮಕ್ಕಿಗೆ, ಅಂದರೆ ಅವುಗಳ ನಡುವೆ ತೂಗುಹಾಕಿ ಮಲಗುವ ಬಟ್ಟೆಯ ಜೋಲಿಗೆ, ನೆಲದ ಹಂಗಿಲ್ಲ. ಆದರೆ ಅಂಗಡಿಯಲ್ಲಿ ನಾನು ನೋಡಿದ ಅಗ್ಗದ ಹ್ಯಾಮಕ್‌ಗಳು ಗಿಡ್ಡವಾಗಿದ್ದವು. ಸಂಜೆ ಅರ್ಧ ಗಂಟೆ ಒರಗುವುದಕ್ಕೆ ಸಾಕೇ ಹೊರತು, ಐದೂಮುಕ್ಕಾಲು ಅಡಿ ಎತ್ತರದ ನಾನು ರಾತ್ರಿಯಿಡೀ ಮಲಗುವುದಕ್ಕಲ್ಲ. ಆದ್ದರಿಂದ ನಾನೇ ಒಂದನ್ನು ಹೊಲಿದುಕೊಂಡೆ. ಹೊಲಿಗೆ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಬೆನ್ನಿಗೆ ಒಗ್ಗುವ ಹದಕ್ಕೆ ತರಲು ಮಾತ್ರ ಬಹಳ ದಿನ ಹಿಡಿಯಿತು.

ಬಟ್ಟೆಯನ್ನು ರವಿವಾರ ಪೇಟೆಯಲ್ಲಿ ಕೊಂಡೆ. ಅಂಗಡಿಯವರು ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ನೈಲಾನ್ ಅದು. ಸಣ್ಣ ಸಣ್ಣ ಚೌಕಳಿಗಳಲ್ಲಿ ದಪ್ಪ ಎಳೆ ಹಾಯ್ದಿರುವ ಬಗೆಯದನ್ನೇ ಆರಿಸಿಕೊಳ್ಳಬೇಕು. ಒಂದು ಕಡೆ ತೂತು ಬಿದ್ದರೂ ಆ ದಪ್ಪ ಎಳೆಗಳು ಹರಿಯುವಿಕೆಯನ್ನು ಅಲ್ಲಿಯೇ ತಡೆಯುತ್ತವೆ. ಹತ್ತಿಯ ಹಾಸುಗಂಬಳಿಯೋ ಹಳೆಯ ಸೀರೆಯೋ ಮನೆಯ ಜೋಲಿಗೆ ಸರಿ, ಕಾಡಿನಲ್ಲಿ ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. 58 ಇಂಚು ಅಗಲದ ತಾನಿನಲ್ಲಿ 3.3 ಮೀಟರ್ ಉದ್ದದ ಎರಡು ತುಂಡು ಕತ್ತರಿಸಿ, ಒಂದರ ಮೇಲೊಂದಿಟ್ಟು, ಪಾಲಿಯೆಸ್ಟರ್ ದಾರದಲ್ಲಿ ಹೊಲಿದೆ. ಒಂದು ಉದ್ದನೆಯ ಅಂಚಿನಲ್ಲಿ ಕೈ ತೂರುವಷ್ಟು ತೆರವನ್ನು ಬೇಕೆಂದೇ ಉಳಿಸಿಕೊಂಡೆ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ. ಎರಡೂ ತುದಿಗಳಲ್ಲಿ ನಾಡಾ ತೂರಿಸುವಂಥ ಮಡಿಕೆ ಹೊಲಿದ ಮೇಲೆ ಉಳಿದ ಉದ್ದ 3.2 ಮೀಟರ್.

ತುದಿಯನ್ನು ಕಟ್ಟುವ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮನುಷ್ಯನ ಭಾರವೆಲ್ಲ ನಿಲ್ಲುವುದು ಅಲ್ಲಿ. ಅನೇಕರು ಮಡಿಕೆಯೊಳಗೇ ಹಗ್ಗ ತೂರಿಸಿ ಮರಕ್ಕೆ ಕಟ್ಟಿಬಿಡುತ್ತಾರೆ. ಆಗ ಭಾರವನ್ನು ಹೊರುವುದು ಬಟ್ಟೆಯಲ್ಲ, ಹೊಲಿಗೆ. ನಾನು ಮಡಿಕೆಯೊಳಗೆ ಒಂದು ಸಣ್ಣ ದಾರ ತೂರಿಸಿ ಬಟ್ಟೆಯನ್ನು ಸೀರೆಯ ನೆರಿಗೆ ಹಿಡಿದ ಹಾಗೆ ಒಟ್ಟುಗೂಡಿಸಿ ಬಿಗಿದೆ. ಅನಂತರ ಗಟ್ಟಿ ಹಗ್ಗದ ಕುಣಿಕೆಯನ್ನು ಮಡಿಕೆಯ ಒಳಮಗ್ಗುಲಿಗೆ, ಅಂದರೆ ಮಲಗುವ ಕಡೆಗೆ, ಆ ನೆರಿಗೆಯ ಸುತ್ತ ಸುತ್ತಿ, ಕುಣಿಕೆಯ ಒಂದು ತುದಿಯನ್ನು ಇನ್ನೊಂದರೊಳಗಿಂದ ತೂರಿಸಿ ಜಗ್ಗಿದೆ. ಭಾರ ಬಿದ್ದಷ್ಟೂ ಕುಣಿಕೆ ನೆರಿಗೆಯನ್ನು ಕಚ್ಚಿ ಹಿಡಿಯುತ್ತದೆ. ಮಡಿಕೆಯ ಉಬ್ಬು ಅದನ್ನು ಜಾರಿ ಹೊರಬರಲು ಬಿಡುವುದಿಲ್ಲ. ಹೊಲಿಗೆ ಬಿಚ್ಚಿಕೊಳ್ಳುವ ಭಯವೇ ಇಲ್ಲ.

ಮರಕ್ಕೆ ಹಗ್ಗವನ್ನು ನೇರವಾಗಿ ಕಟ್ಟಬಾರದು; ತೆಳು ಹಗ್ಗ ತೊಗಟೆಯನ್ನು ಕೊಯ್ದು ಅದರಡಿಯ ಜೀವಪದರಕ್ಕೆ ಗಾಯ ಮಾಡುತ್ತದೆ. ಬೋಹರಿ ಆಳಿಯಲ್ಲಿ ಒಂದಿಂಚು ಅಗಲದ ಪಾಲಿಯೆಸ್ಟರ್ ಪಟ್ಟಿ ಕೊಂಡು ತುದಿಗೆ ಕುಣಿಕೆ ಹೊಲಿಸಿಕೊಂಡೆ. ನೈಲಾನ್ ಪಟ್ಟಿ ನೆನೆದಾಗ ಭಾರಕ್ಕೆ ಇನ್ನಷ್ಟು ಹಿಗ್ಗುವುದರಿಂದ ರಾತ್ರಿ ಮಲಗಿದ ಎತ್ತರಕ್ಕೂ ಬೆಳಗ್ಗೆ ಏಳುವ ಎತ್ತರಕ್ಕೂ ವ್ಯತ್ಯಾಸವಾಗುತ್ತದೆ. ಪಟ್ಟಿಗೂ ಹ್ಯಾಮಕ್ಕಿನ ಕುಣಿಕೆಗೂ ಬೆಸೆಯುವ ಲೋಹದ ಕೊಂಡಿ, ಅಂದರೆ ಕ್ಯಾರಬೈನರ್, ಮಾತ್ರ ಪರ್ವತಾರೋಹಣದ್ದೇ ಇರಲಿ. ಅದರ ಮೈಮೇಲೆ ತಡೆಯುವ ಬಲವನ್ನು ಕಿಲೋನ್ಯೂಟನ್‌ಗಳಲ್ಲಿ ಕೆತ್ತಿರುತ್ತಾರೆ. ಬೀಗದ ಕೈ ನೇತುಹಾಕುವ ಅಗ್ಗದ ಕೊಂಡಿಯನ್ನು ನಂಬಿ ಮಲಗುವುದು ಬೇಡ.

ಇನ್ನು ಬಿಗಿಯ ವಿಷಯ. ಹ್ಯಾಮಕ್ ಕಟ್ಟಿದೊಡನೆ ನಮ್ಮ ಗುಂಪಿನಲ್ಲಿ ಯಾರಾದರೂ, "ಜೋತು ಬಿದ್ದೈತಿ ನೋಡ್ರಿ, ಇನ್ನಷ್ಟು ಬಿಗಿ ಎಳೀರಿ" ಎನ್ನದೆ ಇರುವುದಿಲ್ಲ. ಬಿಗಿದಷ್ಟೂ ಹಾಸಿಗೆ ಸಮತಟ್ಟಾದೀತೆಂಬ ಆ ಭಾವನೆಯೇ ಎಲ್ಲ ಬೆನ್ನುನೋವಿನ ಮೂಲ. 70 ಕಿಲೋ ತೂಕದವನು ಮಲಗಿದಾಗ ಒಂದೊಂದು ಬದಿಯೂ ಹೊರಬೇಕಾದದ್ದು 35 ಕಿಲೋ. ಹಗ್ಗ ನೆಲಕ್ಕೆ ಸಮಾಂತರವಾದ ರೇಖೆಯಿಂದ 30 ಡಿಗ್ರಿ ಏರಿದ್ದರೆ ಒಂದೊಂದು ಹಗ್ಗದ ಮೇಲಿನ ಸೆಳೆತ 70 ಕಿಲೋದಷ್ಟು. ಕೋನ 15 ಡಿಗ್ರಿಗೆ ಇಳಿದರೆ ಅದು ಸುಮಾರು 135, ಐದೇ ಡಿಗ್ರಿಯಾದರೆ 400! ಮಲಗಿದವನ ತೂಕ ಹೆಚ್ಚಲಿಲ್ಲ, ಹಗ್ಗಕ್ಕೂ ಮರಕ್ಕೂ ಬೀಳುವ ಹೊರೆ ಮಾತ್ರ ಹಲವು ಪಟ್ಟಾಯಿತು. ಜೊತೆಗೆ ಬಿಗಿ ಎಳೆದ ಬಟ್ಟೆಯ ಅಂಚುಗಳು ಎರಡೂ ಕಡೆಯಿಂದ ಭುಜವನ್ನು ಒತ್ತುತ್ತವೆ, ಮಗ್ಗುಲಾದರೆ ಮಗುಚಿಕೊಳ್ಳುವ ಸಂಭವವೂ ಹೆಚ್ಚು.

30 ಡಿಗ್ರಿಯನ್ನು ಅಳೆಯಲು ಕೋನಮಾಪಕ ಬೇಕಿಲ್ಲ. ಹಗ್ಗದ ಉದ್ದ ಎರಡು ಮೊಳವಿದ್ದರೆ ಅದು ಮೇಲಕ್ಕೆ ಏರುವುದು ಒಂದು ಮೊಳವಿರಬೇಕು, ಅಷ್ಟೇ. ಮರಗಳ ನಡುವೆ ನಾಲ್ಕೂವರೆ ಮೀಟರ್ ಅಂತರವಿದ್ದಾಗ ನಾನು ಪಟ್ಟಿಯನ್ನು ಸುಮಾರು ಆರು ಅಡಿ ಎತ್ತರದಲ್ಲಿ ಸುತ್ತುತ್ತೇನೆ. ಆಗ ಕೂತಾಗ ಕುರ್ಚಿಯ ಎತ್ತರ ಸಿಗುತ್ತದೆ. ಅಂತರ ಹೆಚ್ಚಾದರೆ ಪಟ್ಟಿಯೂ ಮೇಲೇರಬೇಕು, ಆರು ಮೀಟರಿಗೆ ಕೈಯೆತ್ತಿ ಕಟ್ಟಬೇಕಾಗುತ್ತದೆ.

ಆದರೆ ಕಾಡಿನ ಮರಗಳು ನಮ್ಮ ಅಳತೆಗೆ ಬೆಳೆದಿರುವುದಿಲ್ಲ. ಪ್ರತಿ ಸಲವೂ ಬಾಗು ಬೇರೆ ಬೇರೆಯಾಗುವುದನ್ನು ತಪ್ಪಿಸಿದ್ದು ಹ್ಯಾಮಕ್ಕಿನ ಒಂದು ತುದಿಯಿಂದ ಇನ್ನೊಂದಕ್ಕೆ ಮೇಲ್ಗಡೆ ಕಟ್ಟಿದ, ಹಿಗ್ಗದ ಒಂದು ತೆಳು ಹಗ್ಗ. ಬಟ್ಟೆಯ ಉದ್ದದ ಶೇಕಡ 83ರಷ್ಟು ಎಂಬುದು ಹ್ಯಾಮಕ್ ಬಳಸುವವರಲ್ಲಿ ರೂಢಿಯಾಗಿರುವ ಲೆಕ್ಕ. ನನ್ನದಕ್ಕೆ ಅದು 2.65 ಮೀಟರ್ ಆಯಿತು. ಮರಗಳು ಎಷ್ಟೇ ದೂರವಿರಲಿ, ತುದಿಗಳ ನಡುವಣ ಅಂತರ ಅದಕ್ಕಿಂತ ಹೆಚ್ಚಾಗುವಂತಿಲ್ಲವಾದ್ದರಿಂದ ಬಾಗು ಬದಲಾಗುವುದಿಲ್ಲ. ಮಲಗಿಕೊಂಡು ಎರಡು ಬೆರಳಿನಿಂದ ಆ ಹಗ್ಗವನ್ನು ಚಿವುಟಿದರೆ ಸ್ವಲ್ಪ ಬಾಗಬೇಕು. ಮಿಡಿದರೆ ತಂಬೂರಿಯ ತಂತಿಯಂತೆ ನುಡಿಯಿತೆಂದರೆ ಪಟ್ಟಿಗಳನ್ನು ಸಡಿಲಿಸಬೇಕು. ಸುಮ್ಮನೆ ಜೋತಿದ್ದರೆ ತುಸು ಎಳೆಯಬೇಕು. ಇಡೀ ಹೊಂದಾಣಿಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಬೆರಳಿನ ಪರೀಕ್ಷೆಯನ್ನೇ. ರಾತ್ರಿ ಕನ್ನಡಕವನ್ನೂ ಟಾರ್ಚನ್ನೂ ನೇತುಹಾಕಲು ಅದೇ ಹಗ್ಗ ಒದಗುವುದು ಮೇಲಿನ ಲಾಭ.

ಮಲಗುವಾಗ ನೇರವಾಗಿ ಮಲಗಬಾರದು. ತಲೆ ನಡುಗೆರೆಯ ಎಡಕ್ಕೆ, ಕಾಲು ಬಲಕ್ಕೆ ಬರುವಂತೆ ಓರೆಯಾಗಿ ಮಲಗಿದರೆ ಬಟ್ಟೆ ಅಗಲವಾಗಿ ಹರಡಿಕೊಂಡು ಬೆನ್ನು ಬಹುಮಟ್ಟಿಗೆ ಸಮವಾಗುತ್ತದೆ. ಕಾಲಿನ ತುದಿಯನ್ನು ತಲೆಯ ತುದಿಗಿಂತ ಸುಮಾರು ಒಂದು ಗೇಣು ಎತ್ತರಿಸಿದ ಮೇಲೆ ನಿದ್ದೆಯಲ್ಲಿ ಕೆಳಕ್ಕೆ ಜಾರುವುದು ನಿಂತಿತು.

ಮೊದಲ ಪರೀಕ್ಷೆಗಳನ್ನು ನಮ್ಮ ವಸತಿ ಸೊಸೈಟಿಯ ಪಾರ್ಕಿಂಗಿನ ಕಾಂಕ್ರೀಟ್ ಕಂಬಗಳ ನಡುವೆ, ಮಣ್ಣು ತುಂಬಿದ ಚೀಲಗಳನ್ನಿಟ್ಟು, ನೆಲದಿಂದ ಒಂದು ಗೇಣಷ್ಟೇ ಮೇಲೆ ನಡೆಸಿದೆ. ತಾರಸಿಯ ಇಟ್ಟಿಗೆಯ ಮೋಟುಗೋಡೆಗೆ ಯಾರೂ ಕಟ್ಟಬಾರದು, ಏಕೆಂದರೆ ಅಡ್ಡ ಸೆಳೆತಕ್ಕೆ ಅಂಥ ಗೋಡೆ ಕಿತ್ತು ಮೈಮೇಲೆ ಬೀಳಬಹುದು. ಚಾರಣಕ್ಕೆ ಹೋದಾಗ ಬೆಟ್ಟದ ಮೇಲಿನ ಕೋಟೆಯ ಕಲ್ಲುಗಳಿಗೂ ಕಟ್ಟಬಾರದು ಎಂಬುದನ್ನು ಹೇಳಬೇಕಾಗಿಲ್ಲ.

ಕೋಟೆಗಳ ನೆತ್ತಿ ಹೇಗೂ ಬಹುಮಟ್ಟಿಗೆ ಬೋಳು. ನನಗೆ ಒಳ್ಳೆಯ ಮರಗಳು ಸಿಗುವುದು ಬುಡದ ಹಳ್ಳಿಗಳ ಮಾವಿನ ತೋಪುಗಳಲ್ಲಿ, "ಕಾಕಾ, ಝಾಡಾಲಾ ದೋರಿ ಬಾಂಧೂ ಕಾ?" (ಕಾಕಾ, ಮರಕ್ಕೆ ಹಗ್ಗ ಕಟ್ಟಲೇ?) ಎಂದು ಮರಾಠಿಯಲ್ಲಿ ಕೇಳಿದರೆ ಬೇಡವೆನ್ನುವ ರೈತರು ಕಡಿಮೆ. ತಾಮ್ಹಿಣಿ, ಭೀಮಾಶಂಕರಗಳು ಅಭಯಾರಣ್ಯಗಳಾದ್ದರಿಂದ ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಮಾವು, ನೇರಳೆ ಗಟ್ಟಿ. ಗುಲ್‌ಮೊಹರಿನ ಕೊಂಬೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ, ಅದರಡಿ ನಾನು ಮಲಗುವುದಿಲ್ಲ. ಮಾವಿನಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಗಳಿವೆಯೇ ಎಂದು ಪಟ್ಟಿ ಸುತ್ತುವ ಮುನ್ನವೇ ತಲೆಯೆತ್ತಿ ನೋಡಬೇಕು. ಇದ್ದರೆ ಅವು ಪಟ್ಟಿಯನ್ನೇ ಸೇತುವೆ ಮಾಡಿಕೊಂಡು ಬರುತ್ತವೆ.

ಡಿಸೆಂಬರ್, ಜನವರಿಯಲ್ಲಿ ಕೆಳಗಿನಿಂದ ಬೀಸುವ ಗಾಳಿಗೆ ಬೆನ್ನು ಮರಗಟ್ಟುತ್ತದೆ, ಹೊದಿಕೆ ಎಷ್ಟಿದ್ದರೂ ಸಾಲದು. ಮೈಭಾರಕ್ಕೆ ಅಡಿಯ ಹೊದಿಕೆ ಚಪ್ಪಟೆಯಾಗಿ ಬಿಸುಪು ಹಿಡಿಯುವುದಿಲ್ಲ. ಎರಡು ಪದರದ ನಡುವೆ ಬಿಟ್ಟುಕೊಂಡ ತೆರವು ಇದಕ್ಕಾಗಿಯೇ. ಚಾರಣಿಗರು ಸುರುಳಿ ಸುತ್ತಿ ಒಯ್ಯುವ ಫೋಮ್ ಹಾಳೆಯನ್ನು ಅದರೊಳಗೆ ತೂರಿಸಿದರೆ ಹೊರಳಿದರೂ ಜಾರುವುದಿಲ್ಲ. ಮಳೆಯ ದಿನಗಳಲ್ಲಿ, ಮೇಲೆ ಕಟ್ಟಿದ ತಾಡಪಾಲಿನ ಮರೆಯೊಳಗೆ ಬರುವ ಪಟ್ಟಿಯ ಭಾಗಕ್ಕೆ ಒಂದು ಗೇಣು ಹತ್ತಿ ದಾರ ಕಟ್ಟುತ್ತೇನೆ. ಮರದಿಂದ ಹರಿದು ಬರುವ ನೀರು ಆ ದಾರದಿಂದ ತೊಟ್ಟಿಕ್ಕಿ, ಹಾಸಿಗೆಯವರೆಗೆ ಬರುವುದಿಲ್ಲ.

ನೈಲಾನಿಗೆ ಬಿಸಿಲು ಶತ್ರು. ಬಾಲ್ಕನಿಯಲ್ಲಿ ವರ್ಷವಿಡೀ ಕಟ್ಟಿಟ್ಟ ಬಟ್ಟೆ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಕಸುವು ಕಳೆದುಕೊಂಡಿರುತ್ತದೆ. ನಾನು ಒಣಗಿಸಿ ಕಪಾಟಿನಲ್ಲಿಡುತ್ತೇನೆ, ಹೊರಡುವ ಮುನ್ನ ತುದಿಯ ಕುಣಿಕೆಯನ್ನು ಬಿಚ್ಚಿ ಅದು ಕಚ್ಚುವ ಜಾಗದಲ್ಲಿ ಎಳೆ ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ಕುಣಿಕೆಯ ಹಗ್ಗದಲ್ಲಿ ಒಂದು ಎಳೆ ಎದ್ದಿದ್ದರೂ ಹೊಸದನ್ನೇ ಹಾಕುತ್ತೇನೆ.