ಬಿಳಿ ವೈನನ್ನು ಎಷ್ಟು ಕಾಲ ಇಡಬಹುದು?

ವೈನು ಹಳೆಯದಾದಷ್ಟೂ ರುಚಿ ಎಂಬ ಮಾತನ್ನು ನಂಬಿ ನಾನೊಮ್ಮೆ ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನ ಬಾಟಲಿಯೊಂದನ್ನು ಐದು ವರ್ಷ ಕಪಾಟಿನಲ್ಲಿ ಇಟ್ಟಿದ್ದೆ. ತೆರೆದಾಗ ಹುಳಿ ಹಾಗೆಯೇ ಇತ್ತು, ಪರಿಮಳ ಮಾತ್ರ ಹೋಗಿತ್ತು. ಚಕ್ಕೋತದ ಘಮ ಬರಬೇಕಾದ ಲೋಟದಿಂದ ಹೆಚ್ಚಿಟ್ಟು ಕಂದಿದ ಸೇಬಿನ ವಾಸನೆ ಬರುತ್ತಿತ್ತು.

ತಪ್ಪು ವೈನಿನದಲ್ಲ, ನನ್ನದು. ಹಗುರವಾದ, ಹುಳಿ ಮುಂದಾದ ಬಿಳಿ ವೈನುಗಳಲ್ಲಿ ಆಮ್ಲ ಬಹುಕಾಲ ಉಳಿಯುತ್ತದೆ. ಹಣ್ಣಿನ ಪರಿಮಳ ಕೊಡುವ ಥಯಾಲ್, ಎಸ್ಟರ್ ಎಂಬ ರಾಸಾಯನಿಕಗಳಿಗೆ ಆ ಆಯಸ್ಸಿಲ್ಲ. ಕೆಲವನ್ನು ಆಮ್ಲಜನಕ ಕೆಡಿಸುತ್ತದೆ, ಕೆಲವು ವೈನಿನ ಹುಳಿಯಲ್ಲೇ ಮೆಲ್ಲಗೆ ಒಡೆದುಹೋಗುತ್ತವೆ. ಕೆಂಪು ವೈನನ್ನು ಕಾಯುವ ಟ್ಯಾನಿನ್ ಎಂಬ ಒಗರಿನ ಅಂಶ ಇಲ್ಲಿ ತೀರಾ ಕಡಿಮೆ.

ಆದ್ದರಿಂದ ಕೊಳ್ಳುವಾಗ ಮೊದಲು ಲೇಬಲ್ಲಿನ ಇಸವಿ ನೋಡಿ. ಅದು ದ್ರಾಕ್ಷಿ ಕೊಯ್ದ ವರ್ಷ, ಮಾರಾಟಕ್ಕೆ ಬಂದ ವರ್ಷವಲ್ಲ. ನ್ಯೂಜಿಲೆಂಡಿನಲ್ಲಿ ಕೊಯ್ಲು ಮಾರ್ಚ್, ಏಪ್ರಿಲ್ ಹೊತ್ತಿಗೆ. ಫ್ರಾನ್ಸಿನ ಲುವಾರ್ ಕಣಿವೆಯಲ್ಲಿ ಸೆಪ್ಟೆಂಬರ್ ಸುಮಾರಿಗೆ. ಎರಡೂ ಕಡೆಯ ಬಾಟಲಿಗಳ ಮೇಲೆ 2024 ಎಂದಿದ್ದರೂ ಮೊದಲಿನದು ಸುಮಾರು ಆರು ತಿಂಗಳು ಹಿರಿಯದು.

ಮುಂದೆ ಲೆಕ್ಕ. ಪೋರ್ಚುಗಲ್ಲಿನ ಸಾಧಾರಣ ವಿನ್ಯೋ ವೆರ್ದೆ ಎಂಬ ಹಗುರ ವೈನನ್ನು ಮಾರಾಟಕ್ಕೆ ಬಂದ ವರ್ಷದೊಳಗೆ ಮುಗಿಸಿ. ಪಿನೋ ಗ್ರಿಜಿಯೋ, ಸಾವಿನ್ಯೋನ್ ಬ್ಲಾಂಕ್‌ಗೆ ಎರಡು ವರ್ಷ. ಮೂರನೆಯ ವರ್ಷಕ್ಕೆ ಅವು ಕೆಡುವುದಿಲ್ಲ, ಆದರೆ ಕೊಟ್ಟ ಹಣಕ್ಕೆ ಸಿಗಬೇಕಾದ ಚುರುಕು ಸಿಗುವುದಿಲ್ಲ. ಹುಳಿ ಇದ್ದದ್ದೆಲ್ಲ ಬೇಗ ಸೋಲುತ್ತದೆ ಎಂದೂ ಅಲ್ಲ. ಜರ್ಮನಿಯ ಒಳ್ಳೆಯ ರೀಸ್ಲಿಂಗ್, ಆಸ್ಟ್ರೇಲಿಯಾದ ಹಂಟರ್ ಕಣಿವೆಯ ಸೆಮಿಯೋನ್ ಹತ್ತು ವರ್ಷ ಕಳೆದ ಮೇಲೂ ಹೊಸ ರುಚಿ ತೋರಿಸುತ್ತವೆ. ಎಳೆಯ ಸೆಮಿಯೋನ್ ನಿಂಬೆಯಷ್ಟೇ ಚುರುಕು. ಅದೇ ಮಾಗಿದಾಗ, ಮರದ ಪೀಪಾಯಿಯನ್ನೇ ಕಾಣದಿದ್ದರೂ, ಸುಟ್ಟ ಬ್ರೆಡ್ಡು, ಜೇನಿನ ಘಮ ಬಿಡುತ್ತದೆ. ನನಗಂತೂ ಇದು ಇಂದಿಗೂ ಸೋಜಿಗ.

ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾದ ಬಾಟಲಿ ಬೇಡ. ಬಣ್ಣವಿಲ್ಲದ ಗಾಜಿನಲ್ಲಿ ಬೆಳಕೂ ವೈನನ್ನು ಕೆಡಿಸುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ತೆಳು ಹಸಿರು ಮಿಶ್ರಿತ ಹಳದಿ ಕಂಡರೆ ಒಳ್ಳೆಯ ಲಕ್ಷಣ. ಎಳೆಯ ವೈನಿನಲ್ಲಿ ಗಾಢ ಚಿನ್ನದ ಬಣ್ಣವಿದ್ದರೆ ಅನುಮಾನಿಸಿ. ಮನೆಯಲ್ಲಿ 10ರಿಂದ 13 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲ ಜಾಗ ಸಾಕು. ತಿರುಪು ಮುಚ್ಚಳದ ಬಾಟಲಿಯನ್ನು ಮಲಗಿಸಬೇಕಿಲ್ಲ.

ತೆರೆದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ತಡವಾಗಿ ಬರೀ ಸಪ್ಪೆಯಾಗಿದ್ದರೆ ಅಡುಗೆಗೆ ಸುರಿಯಿರಿ. ಬಿಸಿ ಬಾಣಲೆಯಲ್ಲಿ ಪರಿಮಳ ಹೇಗೂ ಹಾರಿಹೋಗುತ್ತದೆ, ಬೇಕಾದ ಹುಳಿ ಇನ್ನೂ ಇರುತ್ತದೆ.