ಪಂಪ್ ಬಿಚ್ಚುವ ಮುಂಚೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ

ಹೊಲ ಹದಕ್ಕೆ ಬಂದ ದಿನವೇ ಹಳೇ ಟ್ರ್ಯಾಕ್ಟರ್ ಕೈಕೊಡುತ್ತದೆ. ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಎರಡು ಸಾಲು ಉಳುವಷ್ಟರಲ್ಲಿ ನಿಂತುಬಿಡುತ್ತದೆ. ಇಂಜಿನ್‌ಗೆ ಡೀಸೆಲ್ ಒತ್ತಿ ಕೊಡುವ ಪಂಪಿನ ಮೇಲೇ ಎಲ್ಲರಿಗೂ ಅನುಮಾನ. ಸುತ್ತ ನೆರೆದವರ ಬಾಯಲ್ಲಿ ಒಂದೇ ಮಾತು: "ಪಂಪ್ ಹೋಗಿದೆ."

ನಮ್ಮ ಮನೆಯ ಮೂರು ಸಿಲಿಂಡರ್ ಟ್ರ್ಯಾಕ್ಟರಿಗೂ ಹೀಗೇ ಆಗಿತ್ತು. ಪಂಪ್ ಬಿಚ್ಚಿಸಿ ಪೇಟೆಗೆ ಕಳಿಸಿ ಐದು ದಿನ ಕಾದೆವು. ಅಷ್ಟರಲ್ಲಿ ಹದ ಆರಿತು. ಪಂಪ್ ವಾಪಸ್ ಕೂರಿಸಿದ ಮೇಲೂ ಅದೇ ಕಥೆ. ಕೊನೆಗೆ ನೋಡಿದರೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕೂದಲೆಳೆಯಷ್ಟು ಸೀಳಿತ್ತು. ಅವತ್ತಿನಿಂದ ನಾನು ಪಂಪಿನ ಮೇಲೆ ಕೊನೆಗೆ ಅನುಮಾನ ಪಡುತ್ತೇನೆ.

ಡೀಸೆಲ್ ಹೋಗುವ ದಾರಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಟ್ಯಾಂಕಿನಿಂದ ಫೀಡ್ ಪಂಪು ಡೀಸೆಲ್ ಎಳೆಯುತ್ತದೆ. ಫಿಲ್ಟರ್ ಮೂಲಕ ದೊಡ್ಡ ಪಂಪಿಗೆ ದೂಡುತ್ತದೆ. ದೊಡ್ಡ ಪಂಪು ಅದನ್ನು ಉಕ್ಕಿನ ಸಣ್ಣ ಪೈಪುಗಳಲ್ಲಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗೆ ಒತ್ತುತ್ತದೆ. ಹುಡುಕಾಟವೂ ಇದೇ ದಾರಿಯಲ್ಲಿ, ಟ್ಯಾಂಕಿನಿಂದಲೇ ಶುರುವಾಗಲಿ.

ಮೊದಲು ಟ್ಯಾಂಕ್

ಗಾಡಿ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆಯೇ? ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆಯೇ? ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದೆ ಎಂದರ್ಥ. ಸೂಜಿಯಿಂದ ಬಿಡಿಸಿದರೆ ಸಾಕು, ಖರ್ಚೇ ಇಲ್ಲ.

ಆಮೇಲೆ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿಯಿರಿ. ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಆವಿ ಹನಿಯಾಗಿ ಡೀಸೆಲಿಗೆ ಇಳಿಯುತ್ತದೆ. ಅದಕ್ಕೇ ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಫಿಲ್ಟರ್ ಕಪ್ಪಗಾಗಿದ್ದರೆ ತೊಳೆದು ಹಾಕಬೇಡಿ, ಹೊಸದೇ ಹಾಕಿ.

ಇಂಜಿನ್ ಬಂದ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ಲನ್ನೂ ನೋಡಿ. ಬಹಳ ದಿನ ನಿಂತ ಗಾಡಿಯಲ್ಲಿ ಅದು ತುಕ್ಕು ಹಿಡಿದು, ಪಂಪಿನ ಲಿವರ್ ಬಂದ್ ಆದಲ್ಲೇ ಉಳಿದಿರುತ್ತದೆ. ಆಗ ಎಷ್ಟು ಸೆಲ್ಫ್ ಹೊಡೆದರೂ ಬ್ಯಾಟರಿ ಇಳಿಯುತ್ತದೆ ಅಷ್ಟೇ.

ಏರ್ ತೆಗೆಯುವುದು

ಡೀಸೆಲ್ ದಾರಿಯಲ್ಲಿ ಏರ್, ಅಂದರೆ ಗಾಳಿ ಸೇರಿಕೊಳ್ಳುವುದೇ ಹಳೇ ಗಾಡಿಗಳ ದೊಡ್ಡ ಕಾಟ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ಹನಿಯಲೇಬೇಕೆಂದಿಲ್ಲ. ಅಲ್ಲಿ ಎಳೆತ ಇರುವುದರಿಂದ ಗಾಳಿಯೇ ಒಳಗೆ ಹೋಗುತ್ತದೆ. ಹಾಗಾಗಿ "ಎಲ್ಲೂ ಲೀಕ್ ಇಲ್ಲ" ಎನ್ನುವ ಮಾತನ್ನು ಸುಮ್ನೆ ನಂಬಬೇಡಿ. ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ. ಚಪ್ಪಟೆಯಾದ ತಾಮ್ರದ ವಾಷರ್ ಬದಲಿಸಿ.

ಏರ್ ತೆಗೆಯಲು ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ. ಕೈಯಿಂದ ಡೀಸೆಲ್ ದೂಡುವ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಶುದ್ಧ ಡೀಸೆಲ್. ಗುಳ್ಳೆ ಪೂರ್ತಿ ನಿಂತ ಮೇಲೆ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ನಂತರ ಪಂಪಿನ ಮೇಲಿನ ಏರ್ ಸ್ಕ್ರೂಗೂ ಇದೇ ಕೆಲಸ. ಕೊನೆಗೆ ನಾಜಲ್ ಕಡೆಯ ಪೈಪ್ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ಮೇಲೆ ನಟ್ ಬಿಗಿ ಮಾಡಿ. ಮರುದಿನ ಮತ್ತೆ ಏರ್ ಹಿಡಿದರೆ ಸೀಳು ಇನ್ನೂ ಎಲ್ಲೋ ಇದೆ, ಹುಡುಕಲೇಬೇಕು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಹಳೇ ಇಂಜಿನ್‌ಗಳ ನಾಜಲ್ ತೆರೆಯುವುದೇ ಸುಮಾರು 200 ಬಾರ್ ಒತ್ತಡಕ್ಕೆ. ಕಾರಿನ ಟೈರಿನ ಗಾಳಿಗಿಂತ ಹೆಚ್ಚುಕಡಿಮೆ ನೂರು ಪಟ್ಟು ಜಾಸ್ತಿ. ಲೀಕ್ ಎಲ್ಲಿದೆ ಎಂದು ಬೆರಳು ಇಟ್ಟು ನೋಡಲೇಬೇಡಿ, ರಟ್ಟಿನ ತುಂಡು ಹಿಡಿಯಿರಿ. ಕಣ್ಣಿಗೆ ಕನ್ನಡಕ ಇರಲಿ. ಡೀಸೆಲ್ ಚರ್ಮದೊಳಗೆ ನುಗ್ಗಿದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣಬಹುದು. ಒಳಗೆ ಮಾಂಸ ಕೊಳೆಯುತ್ತದೆ. ನೋವಿಲ್ಲ ಎಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಯಾವ ಸಿಲಿಂಡರ್ ಮಿಸ್ಸಿಂಗ್?

ಗಾಡಿ ಸ್ಲೋನಲ್ಲಿ ಓಡುತ್ತಿರಲಿ. ಪೈಪ್ ನಟ್ ಮೇಲೆ ದಪ್ಪ ಬಟ್ಟೆ ಸುತ್ತಿ, ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ, ಬಿಗಿ ಮಾಡುತ್ತಾ ಹೋಗಿ. ಯಾವುದನ್ನು ಸಡಿಲಿಸಿದಾಗ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇಂಜಿನ್ ಬಂದ್ ಮಾಡಿ, ಅದರ ನಾಜಲನ್ನು ಪಕ್ಕದ ಸಿಲಿಂಡರಿಗೆ ಅದಲುಬದಲು ಮಾಡಿ. ತೊಂದರೆಯೂ ಪಕ್ಕಕ್ಕೆ ಹೋದರೆ ನಾಜಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪಂಪು ಅಥವಾ ಇಂಜಿನ್ ಕಂಪ್ರೆಷನ್ ಕಡೆ ನೋಡಬೇಕು.

ನಿಜಕ್ಕೂ ಪಂಪೇ ಆದರೆ

ನಮ್ಮ ಹಳ್ಳಿಗಳಲ್ಲಿ ಇದನ್ನು ಮೈಕೋ ಪಂಪ್ ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು, ಆದರೆ ಪಂಪಿನ ಹೆಸರು ಜನರ ಬಾಯಲ್ಲಿ ಹಾಗೇ ಉಳಿಯಿತು. ಇನ್‌ಲೈನ್ ಪಂಪಿನಲ್ಲಿ ಡೀಸೆಲ್ ಒತ್ತುವ ಎಲಿಮೆಂಟ್ ಸಿಲಿಂಡರಿಗೊಂದರಂತೆ ಸಾಲಾಗಿ ನಿಂತಿರುತ್ತದೆ. ಪಂಪಿನ ಕೆಳಭಾಗದಲ್ಲಿ ಆಯಿಲ್ ಇರುತ್ತದೆ. ಆ ಆಯಿಲ್ ತೆಳ್ಳಗಾಗಿ, ಡೀಸೆಲ್ ವಾಸನೆ ಹೊಡೆದು, ಲೆವೆಲ್ ಏರುತ್ತಿದ್ದರೆ ಎಲಿಮೆಂಟ್ ಅಥವಾ ಫೀಡ್ ಪಂಪಿನ ಸೀಲ್ ಸವೆದಿದೆ. ದುಂಡಗಿನ ರೋಟರಿ ಪಂಪಿಗೆ ಡೀಸೆಲೇ ಆಯಿಲ್. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಅದನ್ನು ಬೇಗ ತಿನ್ನುತ್ತದೆ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯದಿರುವುದು ರೋಟರಿ ಸವೆದ ಗುರುತು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ಜಾರಿಹೋಗುತ್ತದೆ.

ಎಲಿಮೆಂಟ್ ಒಳಗಿನ ಸಂದಿ ಕೆಲವೇ ಮೈಕ್ರಾನ್, ಅಂದರೆ ಕೂದಲಿಗಿಂತ ಎಷ್ಟೋ ಸಣ್ಣದು. ಹೊಲದ ಧೂಳಿನಲ್ಲಿ ಅದನ್ನು ಬಿಚ್ಚುವುದು ಬೇಡ. ಸೀಲ್ ಹಾಕಿದ ಸ್ಕ್ರೂ ತಿರುಗಿಸಿ ಪಿಕಪ್ ಏರಿಸಲೂ ಹೋಗಬೇಡಿ. ಕಪ್ಪು ಹೊಗೆ ಜಾಸ್ತಿಯಾಗುತ್ತದೆ, ಪಿಸ್ಟನ್ ಕಾಯುತ್ತದೆ. ಪಂಪನ್ನು ಟೆಸ್ಟ್ ಬೆಂಚ್ ಇರುವ ಕಡೆಗೇ ಕೊಟ್ಟು ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಹೊಂದಿಸುವುದು) ಮಾಡಿಸಿ, ಹಳೇ ಎಲಿಮೆಂಟ್ ವಾಪಸ್ ಕೇಳಿ ತೆಗೆದುಕೊಳ್ಳಿ.

ಬಿಚ್ಚುವ ಮುಂಚೆ ಪಂಪಿನ ಫ್ಲ್ಯಾಂಜ್ (ಇಂಜಿನ್‌ಗೆ ಕೂರುವ ಅಂಚು) ಮತ್ತು ಇಂಜಿನ್ ಎರಡಕ್ಕೂ ಸೇರುವಂತೆ ಒಂದು ಗೆರೆ ಕೊರೆಯಿರಿ, ಡೀಸೆಲ್ ಚಿಮ್ಮುವ ಟೈಮಿಂಗ್ ಮತ್ತೆ ಹೊಂದಿಸಲು ನೆರವಾಗುತ್ತದೆ. ಪೈಪಿನ ಬಾಯಿಗಳನ್ನು ಶುದ್ಧ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಇನ್‌ಲೈನ್ ಪಂಪ್ ರಿಪೇರಿಯಾಗಿ ಬಂದಾಗ ಒಳಗೆ ಆಯಿಲ್ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಲೆವೆಲ್‌ವರೆಗೆ ಹೊಸ ಇಂಜಿನ್ ಆಯಿಲ್ ಹಾಕಿ. ಫಿಲ್ಟರ್‌ನಿಂದ ನಾಜಲ್‌ವರೆಗೆ ಇನ್ನೊಮ್ಮೆ ಏರ್ ತೆಗೆದ ಮೇಲೆಯೇ ಸ್ಟಾರ್ಟ್ ಮಾಡಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಹಲಗೆ ಹಿಡಿದು ಏರ್ ಕ್ಲೀನರ್ ಬಾಯಿ ಹತ್ತಿರ ನಿಂತಿರಲಿ. ರ‍್ಯಾಕ್ (ಪಂಪಿನೊಳಗೆ ಡೀಸೆಲ್ ಹೆಚ್ಚುಕಡಿಮೆ ಮಾಡುವ ಸರಳು) ಸಿಕ್ಕಿಕೊಂಡು ಇಂಜಿನ್ ಕೈಮೀರಿ ಓಡಿದರೆ ಆ ಬಾಯಿ ಮುಚ್ಚಿ ನಿಲ್ಲಿಸಬಹುದು.